‘ಗ್ರೇನ್’ ಎಂದರೆ ಎಷ್ಟು? ಗುಲಗಂಜಿ ತೂಕದಿಂದ ರೇಷ್ಮೆ ಮೊಟ್ಟೆಯವರೆಗೆ ಒಂದು ಪದದ ಕಥೆ

ಅವಲಪಲ್ಲಿ: ಪ್ಲಸ್ ಟು ಓದುವ ಹುಡುಗನೊಬ್ಬ ಮೊನ್ನೆ ತನ್ನ ತಾತನನ್ನು ಕೇಳುತ್ತಿದ್ದ. ‘‘ತಾತ, ಗ್ರೇನ್ ಅಂದ್ರೆ ಧಾನ್ಯ ಅಂತ ಪುಸ್ತಕದಾಗೆ ಐತೆ. ಹಂಗಾದ್ರೆ ಗ್ರೇನೇಜ್‌ನಾಗೆ ರೇಷ್ಮೆ ಹುಳದ ಮೊಟ್ಟೆ ಯಾಕೆ ಮಾರ್ತಾರೆ?’’ ತಾತ ಐವತ್ತು ವರ್ಷದಿಂದ ಹುಳ ಸಾಕಿದವರು. ‘‘ನಮ್ಮಪ್ಪನ ಕಾಲದಿಂದ ಹಂಗೇ ಅಂತಾರೆ ಕಣಪ್ಪ, ಯಾಕೋ ಯಾರಿಗೆ ಗೊತ್ತು’’ ಎಂದು ಸುಮ್ಮನಾದರು.

ಪ್ರಶ್ನೆ ಚಿಕ್ಕದು, ಉತ್ತರ ಮಾತ್ರ ದೊಡ್ಡದು. ‘ಗ್ರೇನ್’ ಎಂಬುದು ಇಂಗ್ಲಿಷಿನಲ್ಲಿ ಅತ್ಯಂತ ಸಣ್ಣ ಪ್ರಮಾಣವನ್ನು ಹೇಳುವ ಪದಗಳಲ್ಲಿ ಒಂದು. ಇದು ನಮ್ಮ ಅಕ್ಕಸಾಲಿಗರ ತಕ್ಕಡಿ, ಔಷಧಿ ಅಂಗಡಿಯ ಮಾತ್ರೆ, ರೇಷ್ಮೆ ಮೊಟ್ಟೆಯ ಹಾಳೆ, ಕೃಷ್ಣಗಿರಿಯ ಕಲ್ಲು ಎಲ್ಲದರೊಳಗೂ ಹೊಕ್ಕು ಕುಳಿತಿದೆ. ಪದದ ಅರ್ಥ ತಪ್ಪಾಗಿ ತಿಳಿದರೆ ಕೆಲವೆಡೆ ಹಣಕ್ಕೆ ನಷ್ಟ, ಇನ್ನು ಕೆಲವೆಡೆ ಜೀವಕ್ಕೇ ಅಪಾಯ. ಆದ್ದರಿಂದ ಈ ಪದದ ಅರ್ಥ, ಮೂಲ ಮತ್ತು ಬಳಕೆಯನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ಒಂದು ಪದ, ಹಲವು ಅರ್ಥ

ಇಂಗ್ಲಿಷಿನ ‘ಗ್ರೇನ್’ ಪದಕ್ಕೆ ಮುಖ್ಯವಾಗಿ ನಾಲ್ಕು ಅರ್ಥಗಳಿವೆ. ಮೊದಲನೆಯದು ಕಾಳು, ಅಂದರೆ ರಾಗಿ, ಭತ್ತ, ಗೋಧಿಯ ಒಂದು ಕಾಳು. ಎರಡನೆಯದು ಒಟ್ಟಾಗಿ ಧಾನ್ಯ. ಮೂರನೆಯದು ಕಾಳಿನಂತಿರುವ ಯಾವುದೇ ಸಣ್ಣ ಕಣ: ಮರಳಿನದು, ಉಪ್ಪಿನದು, ಸಕ್ಕರೆಯದು. ನಾಲ್ಕನೆಯದು ತೂಕದ ಒಂದು ಅಳತೆ. ಇದರ ಇಂದಿನ ನಿಖರ ಬೆಲೆ 64.79891 ಮಿಲಿಗ್ರಾಂ. ಸುಲಭವಾಗಿ 65 ಮಿಲಿಗ್ರಾಂ ಎಂದು ನೆನಪಿಟ್ಟರೆ ಸಾಕು. ಹದಿನೈದೂವರೆಗೆ ಹತ್ತಿರ ಗ್ರೇನ್ ಸೇರಿದರೆ ಒಂದು ಗ್ರಾಂ.

ಕನ್ನಡದಲ್ಲಿ ನಾವು ಇಷ್ಟಕ್ಕೆಲ್ಲ ಒಂದೇ ಪದ ಬಳಸುವುದಿಲ್ಲ. ಹೊಲದಲ್ಲಿ ಇದ್ದರೆ ಕಾಳು, ಬೆಂದು ತಟ್ಟೆಗೆ ಬಂದರೆ ಅಗುಳು. ತೆಲುಗಿನಲ್ಲಿ ಗಿಂಜ ಬೇರೆ, ಮೆತುಕು ಬೇರೆ. ತಮಿಳಿನಲ್ಲಿ ಅನ್ನದ ಅಗುಳಿಗೆ ಪರುಕ್ಕೈ ಎನ್ನುತ್ತಾರೆ. ಇಂಗ್ಲಿಷಿನವರಿಗೆ ಇದೆಲ್ಲವೂ ‘ಗ್ರೇನ್’. ಮಕ್ಕಳು ಇಂಗ್ಲಿಷಿನಿಂದ ಅನುವಾದ ಮಾಡುವಾಗ ಎಲ್ಲ ಕಡೆ ‘ಧಾನ್ಯ’ ಎಂದು ಬರೆದು ಎಡವುವುದು ಇದೇ ಕಾರಣಕ್ಕೆ. ‘ಎ ಗ್ರೇನ್ ಆಫ್ ಸ್ಯಾಂಡ್’ ಎಂದರೆ ಮರಳಿನ ಧಾನ್ಯವಲ್ಲ, ಮರಳಿನ ಕಣ.

ಮೂಲ ಎಲ್ಲಿಯದು?

ಈ ಪದ ಲ್ಯಾಟಿನ್ ಭಾಷೆಯ ‘ಗ್ರಾನುಮ್’ ಎಂಬುದರಿಂದ ಹುಟ್ಟಿ, ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಗ್ರಾನುಮ್ ಎಂದರೆ ಬೀಜ, ಕಾಳು. ಇಂಗ್ಲಿಷಿನ ಸ್ವಂತ ಪದವಾದ ‘ಕಾರ್ನ್’ ಕೂಡ ಇದರ ದಾಯಾದಿಯೇ. ಎರಡೂ ಒಂದೇ ಹಳೆಯ ಬೇರಿನಿಂದ ಬಂದವು. ಲ್ಯಾಟಿನ್ ಕಡೆಯಿಂದ ಬಂದದ್ದು ಗ್ರೇನ್ ಆಯಿತು, ಜರ್ಮನ್ ಬಳಗದ ಕಡೆಯಿಂದ ಬಂದದ್ದು ಕಾರ್ನ್ ಆಯಿತು.

ಗ್ರಾನುಮ್‌ನ ಸಂತಾನ ಬಹಳ ದೊಡ್ಡದು. ದಾಳಿಂಬೆಗೆ ಇಂಗ್ಲಿಷಿನಲ್ಲಿ ‘ಪಾಮಿಗ್ರಾನೇಟ್’ ಎನ್ನುತ್ತಾರೆ, ಅಂದರೆ ಕಾಳು ತುಂಬಿದ ಹಣ್ಣು. ನಮ್ಮ ಕೃಷ್ಣಗಿರಿ ಜಿಲ್ಲೆಗೆ ಹೆಸರು ತಂದ ‘ಗ್ರಾನೈಟ್’ ಕಲ್ಲಿನ ಹೆಸರು ಇಟಲಿ ಭಾಷೆಯಿಂದ ಬಂದದ್ದು. ಅದರ ಅರ್ಥ ‘ಕಾಳು ಕಾಳಾದದ್ದು’ ಎಂದು. ಕಲ್ಲನ್ನು ಹತ್ತಿರದಿಂದ ನೋಡಿದವರಿಗೆ ಹೆಸರು ಎಷ್ಟು ಸರಿ ಎಂದು ತಿಳಿಯುತ್ತದೆ. ಗೊಬ್ಬರದ ಚೀಲದ ಮೇಲಿನ ‘ಗ್ರ್ಯಾನ್ಯೂಲ್ಸ್’ ಎಂದರೆ ಸಣ್ಣ ಕಾಳುಗಳು.

ಇಲ್ಲೊಂದು ಸ್ವಾರಸ್ಯವಿದೆ. ಕಡಲೆಗೆ ‘ಬೆಂಗಾಲ್ ಗ್ರಾಂ’, ಹುರುಳಿಗೆ ‘ಹಾರ್ಸ್ ಗ್ರಾಂ’ ಎನ್ನುತ್ತೇವಲ್ಲ, ಆ ‘ಗ್ರಾಂ’ ಪದ ಪೋರ್ಚುಗೀಸರ ‘ಗ್ರಾಂವ್’ ಎಂಬ ಪದದಿಂದ ಬಂದದ್ದು. ಅದೂ ಗ್ರಾನುಮ್‌ನ ಮಗುವೇ. ಆದರೆ ತೂಕದ ‘ಗ್ರಾಂ’ ಬೇರೆ ಮನೆಯದು. ಅದು ಗ್ರೀಕ್ ಭಾಷೆಯ ‘ಗ್ರಾಮಾ’ ಎಂಬ ಸಣ್ಣ ತೂಕದ ಹೆಸರಿನಿಂದ ಫ್ರಾನ್ಸ್ ಮೂಲಕ ಬಂದದ್ದು. ಹಾಗಾಗಿ ಅಂಗಡಿಯಲ್ಲಿ ‘ನೂರು ಗ್ರಾಂ ಹಾರ್ಸ್ ಗ್ರಾಂ’ ಕೊಂಡರೆ ಎರಡು ‘ಗ್ರಾಂ’ಗಳಿಗೂ ಪರಸ್ಪರ ನೆಂಟಸ್ತಿಕೆಯೇ ಇಲ್ಲ.

ಕಾಳು ತೂಕದ ಬಟ್ಟಾದದ್ದು

ಹಿಂದೆ ಎಲ್ಲ ದೇಶಗಳಲ್ಲೂ ಸಣ್ಣ ತೂಕಕ್ಕೆ ಬೀಜವೇ ಬಟ್ಟು. ಒಂದೇ ಜಾತಿಯ ಒಣಗಿದ ಬೀಜಗಳು ಹೆಚ್ಚು ಕಡಿಮೆ ಒಂದೇ ತೂಕ ಇರುತ್ತವೆ, ಯಾರ ಕೈಗೂ ಸಿಗುತ್ತವೆ. ಇಂಗ್ಲೆಂಡಿನಲ್ಲಿ 13ನೇ ಶತಮಾನದ ಕಟ್ಟಳೆಯಂತೆ ಒಂದು ಬೆಳ್ಳಿ ಪೆನ್ನಿಯ ತೂಕ ತೆನೆಯ ನಡುಭಾಗದಿಂದ ತೆಗೆದ 32 ಗೋಧಿ ಕಾಳುಗಳಿಗೆ ಸಮ. ತೆನೆಯ ತುದಿಯ ಕಾಳು ಸಣ್ಣದು, ಬುಡದ್ದು ಜೊಳ್ಳಾಗಬಹುದು, ಆದ್ದರಿಂದ ನಡುವಿನದು. ಮುಂದೆ ಬಾರ್ಲಿ ಕಾಳಿನ ಲೆಕ್ಕದ ಗ್ರೇನ್ ನೆಲೆಯಾಯಿತು.

ಬಾರ್ಲಿ ಕಾಳು ಉದ್ದದ ಅಳತೆಗೂ ಬಳಕೆಯಾಯಿತು. ಮೂರು ಬಾರ್ಲಿ ಕಾಳು ಸಾಲಾಗಿ ಇಟ್ಟರೆ ಒಂದು ಇಂಚು ಎಂಬುದು ಹಳೆಯ ಇಂಗ್ಲಿಷ್ ಲೆಕ್ಕ. ಇಂದಿಗೂ ನಾವು ಹೊಸೂರಿನ ಅಂಗಡಿಯಲ್ಲಿ 7 ನಂಬರಿನ ಬೂಟು ಬಿಗಿಯಾಯಿತೆಂದು 8 ನಂಬರ್ ಕೇಳಿದರೆ, ಬ್ರಿಟಿಷ್ ಅಳತೆಯ ಪ್ರಕಾರ ಹೆಚ್ಚುವುದು ಒಂದು ಬಾರ್ಲಿ ಕಾಳಿನ ಉದ್ದ, ಅಂದರೆ ಇಂಚಿನ ಮೂರನೇ ಒಂದು ಭಾಗ.

ಇಂಗ್ಲಿಷರ ತೂಕದ ಪದ್ಧತಿಗಳು ಒಂದಲ್ಲ, ಮೂರು. ದಿನಸಿಗೆ ಒಂದು, ಚಿನ್ನ ಬೆಳ್ಳಿಗೆ ‘ಟ್ರಾಯ್’ ಎಂಬ ಇನ್ನೊಂದು, ಔಷಧಿಗೆ ಮತ್ತೊಂದು. ಔನ್ಸ್, ಪೌಂಡುಗಳು ಇವುಗಳಲ್ಲಿ ಬೇರೆ ಬೇರೆ. ಆದರೆ ಗ್ರೇನ್ ಮಾತ್ರ ಮೂರರಲ್ಲೂ ಒಂದೇ. ದಿನಸಿ ಪೌಂಡಿಗೆ 7000 ಗ್ರೇನ್, ದಿನಸಿ ಔನ್ಸಿಗೆ ನಾನೂರ ಮೂವತ್ತೇಳೂವರೆ ಗ್ರೇನ್, ಟ್ರಾಯ್ ಔನ್ಸಿಗೆ 480 ಗ್ರೇನ್. 1959ರಲ್ಲಿ ಇಂಗ್ಲಿಷ್ ಮಾತನಾಡುವ ದೇಶಗಳು ಒಂದು ಪೌಂಡ್ ಎಂದರೆ 0.45359237 ಕಿಲೋ ಎಂದು ಒಪ್ಪಿಕೊಂಡ ಮೇಲೆ ಗ್ರೇನ್‌ನ ಬೆಲೆಯೂ ಸ್ಥಿರವಾಯಿತು.

ನಮ್ಮ ಗುಲಗಂಜಿ, ಅವರ ಗ್ರೇನ್

ಇಂಗ್ಲಿಷರಿಗೆ ಬಾರ್ಲಿ ಇದ್ದಂತೆ ನಮಗೆ ಗುಲಗಂಜಿ. ಬೇಲಿಯಲ್ಲಿ ಹಬ್ಬುವ ಬಳ್ಳಿಯ ಕೆಂಪು ಬೀಜ, ಮೇಲೆ ಕಪ್ಪು ಚುಕ್ಕೆ. ತೆಲುಗರಿಗೆ ಇದು ಗುರಿವಿಂದ, ತಮಿಳರಿಗೆ ಕುನ್ರಿಮಣಿ, ಆಡುಮಾತಿನಲ್ಲಿ ಗುಂಡುಮಣಿ. ಉತ್ತರದವರು ರತ್ತಿ ಎನ್ನುತ್ತಾರೆ. ‘ಮನೆಯಲ್ಲಿ ಗುಲಗಂಜಿ ತೂಕದ ಚಿನ್ನವೂ ಇಲ್ಲ’ ಎಂಬ ಮಾತು ಗಡಿಯ ಮೂರು ಭಾಷೆಗಳಲ್ಲೂ ಕೇಳಿಬರುತ್ತದೆ. (ಈ ಬೀಜ ನೋಡಲು ಚೆಂದ, ಒಳಗೆ ಘೋರ ವಿಷ. ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು.)

ಕಂಪನಿ ಸರ್ಕಾರ 1833ರಲ್ಲಿ ತೂಕಗಳನ್ನು ಒಂದು ಕ್ರಮಕ್ಕೆ ತಂದಾಗ ನಮ್ಮ ತೊಲವನ್ನು ಇಂಗ್ಲಿಷರ ಗ್ರೇನ್‌ಗೆ ಕಟ್ಟಿಹಾಕಿತು. ಒಂದು ತೊಲ ಎಂದರೆ 180 ಗ್ರೇನ್, ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಒಂದು ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ಆದ್ದರಿಂದಲೇ ಹಿರಿಯರು ‘ರೂಪಾಯಿ ತೂಕ’ ಎನ್ನುತ್ತಿದ್ದರು. ತೊಲಕ್ಕೆ 96 ಗುಲಗಂಜಿ ಎಂಬ ಲೆಕ್ಕ ಹಿಡಿದರೆ ಒಂದು ಗುಲಗಂಜಿ ಎರಡು ಗ್ರೇನ್‌ಗೆ ತುಸು ಕಡಿಮೆ, ಸುಮಾರು 121 ಮಿಲಿಗ್ರಾಂ.

ಹೊಸೂರು ಆಗ ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿತ್ತು. (1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಆಯಿತು.) ಮದರಾಸು ಲೆಕ್ಕದಂತೆ 3 ತೊಲಕ್ಕೆ ಒಂದು ಪಲ, 8 ಪಲಕ್ಕೆ ಒಂದು ಕಚ್ಚಾ ಸೇರು, 5 ಸೇರಿಗೆ ಒಂದು ವೀಸೆ, 8 ವೀಸೆಗೆ ಒಂದು ಮಣ. ವೀಸೆ ಎಂದರೆ ಇಂದಿನ 1 ಕಿಲೋ 400 ಗ್ರಾಂ. ಹುಣಸೆಹಣ್ಣು, ಬೆಲ್ಲವನ್ನು ವೀಸೆ ಲೆಕ್ಕದಲ್ಲಿ ಕೊಂಡ ನೆನಪು ಹಿರಿಯರಿಗೆ ಇನ್ನೂ ಇದೆ. ಉತ್ತರ ಭಾರತದ ಸೇರು 80 ತೊಲ, ನಮ್ಮ ಕಚ್ಚಾ ಸೇರು 24 ತೊಲ. ‘ಸೇರು’ ಎಂಬ ಒಂದೇ ಹೆಸರು, ಆದರೆ ಮೂರು ಪಟ್ಟಿಗೂ ಮೀರಿದ ವ್ಯತ್ಯಾಸ. ಗಡಿಯ ವ್ಯಾಪಾರದಲ್ಲಿ ಎಷ್ಟು ಜನ ಮೋಸ ಹೋಗಿರಬೇಡ!

ಈ ಗೊಂದಲ ನಿಲ್ಲಿಸಲೆಂದೇ ಸ್ವತಂತ್ರ ಭಾರತದಲ್ಲಿ 1956ರ ಕಾಯಿದೆ ಬಂತು. 1958ರ ಅಕ್ಟೋಬರ್‌ನಿಂದ ಕಿಲೋ, ಗ್ರಾಂ ಹಂತಹಂತವಾಗಿ ಜಾರಿಯಾದವು. ಇಂದು 2009ರ ಕಾನೂನು ಮಾಪನ ಕಾಯಿದೆಯಂತೆ ವ್ಯಾಪಾರದಲ್ಲಿ ಗ್ರಾಂ, ಕಿಲೋ ಬಿಟ್ಟು ಬೇರೆ ತೂಕದಲ್ಲಿ ಬೆಲೆ ಹೇಳುವಂತಿಲ್ಲ.

ಚಿನ್ನದಂಗಡಿಯಲ್ಲಿ

ನಮ್ಮ ಕಡೆ ಒಡವೆಯ ಲೆಕ್ಕ ಸವರನ್‌ನಲ್ಲಿ. ಇದು ‘ಸಾವರಿನ್’ ಎಂಬ ಇಂಗ್ಲಿಷ್ ಚಿನ್ನದ ನಾಣ್ಯದ ಹೆಸರು. ಅದರ ತೂಕ 123 ಗ್ರೇನ್‌ಗೆ ತುಸು ಹೆಚ್ಚು, ಅಂದರೆ 7.988 ಗ್ರಾಂ. ಅದನ್ನೇ ಪೂರ್ಣ ಮಾಡಿ ಇಂದು 8 ಗ್ರಾಂ ಎಂದು ಲೆಕ್ಕ ಹಾಕುತ್ತಾರೆ. ನಾಣ್ಯದ ಚಿನ್ನ 22 ಕ್ಯಾರಟ್.

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಸಂಗತಿ. ಟಿವಿ, ಪತ್ರಿಕೆಗಳಲ್ಲಿ ‘ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಒಂದು ಔನ್ಸ್ ಚಿನ್ನಕ್ಕೆ ಇಷ್ಟು ಡಾಲರ್’ ಎಂದು ಬರುತ್ತದೆ. ಅದು ಟ್ರಾಯ್ ಔನ್ಸ್, 480 ಗ್ರೇನ್, ಅಂದರೆ 31.1 ಗ್ರಾಂ. ಶಾಲೆಯ ಪುಸ್ತಕದಲ್ಲಿ ಓದಿದ ಸಾಮಾನ್ಯ ಔನ್ಸ್ 28.35 ಗ್ರಾಂ. ಎರಡನೆಯದನ್ನು ಹಿಡಿದು ಗ್ರಾಂ ಬೆಲೆ ಲೆಕ್ಕ ಹಾಕಿದರೆ ಸುಮಾರು ಶೇ. 10ರಷ್ಟು ತಪ್ಪುತ್ತದೆ. ಅಂಗಡಿಯವನು ಕಡಿಮೆ ಬೆಲೆಗೆ ಕೊಡುತ್ತಿದ್ದಾನೆ ಎಂದು ಭ್ರಮೆ ಬರುತ್ತದೆ, ಅಷ್ಟೇ.

ಕ್ಯಾರಟ್ ಎಂಬುದೂ ಒಂದು ಬೀಜವೇ. ಗ್ರೀಕರು ಕ್ಯಾರಬ್ ಮರದ ಬೀಜಕ್ಕೆ ಇಟ್ಟ ಹೆಸರಿನಿಂದ ಅದು ಹುಟ್ಟಿತು. ವಜ್ರದ ಕ್ಯಾರಟ್ ತೂಕ, 200 ಮಿಲಿಗ್ರಾಂ. ಚಿನ್ನದ ಕ್ಯಾರಟ್ ತೂಕವಲ್ಲ, ಶುದ್ಧತೆ, 24ರಲ್ಲಿ ಎಷ್ಟು ಪಾಲು ಎಂದು. ಮುತ್ತಿನ ವ್ಯಾಪಾರದಲ್ಲಿ ‘ಗ್ರೇನ್’ ಎಂದರೆ ಕಾಲು ಕ್ಯಾರಟ್, ಅಂದರೆ 50 ಮಿಲಿಗ್ರಾಂ. ಅದು 65 ಮಿಲಿಗ್ರಾಮಿನ ಗ್ರೇನ್ ಅಲ್ಲ.

ಮಾತ್ರೆಯಲ್ಲಿ ಅಡಗಿದ ಗ್ರೇನ್

ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ 650 ಮಿಲಿಗ್ರಾಂ ಮಾತ್ರೆ ಈಗ ಎಲ್ಲರಿಗೂ ಗೊತ್ತು. 600 ಅಲ್ಲ, 700 ಅಲ್ಲ, ಈ 650 ಎಲ್ಲಿಂದ ಬಂತು? ಹಳೆಯ ಕಾಲದಲ್ಲಿ ಔಷಧಿಯನ್ನು ಗ್ರೇನ್‌ನಲ್ಲಿ ತೂಗುತ್ತಿದ್ದರು. ಆಸ್ಪಿರಿನ್ ಮಾತ್ರೆಗೆ 5 ಗ್ರೇನ್. ಅದನ್ನು ಮಿಲಿಗ್ರಾಮಿಗೆ ಬದಲಿಸಿದರೆ 324, ಪೂರ್ಣ ಮಾಡಿದರೆ 325. ಎರಡು ಮಾತ್ರೆ ಸೇರಿದರೆ 650, ಅಂದರೆ 10 ಗ್ರೇನ್. ಅಳತೆ ಹೋಯಿತು, ಅದರ ನೆರಳು ಅಂಕಿಯಲ್ಲಿ ಉಳಿಯಿತು.

ಹಳೆಯ ಡಾಕ್ಟರುಗಳು ಚೀಟಿಯಲ್ಲಿ ಗ್ರೇನ್ ಎಂಬುದಕ್ಕೆ ‘ಜಿ ಆರ್’ ಎಂಬ ಎರಡು ಇಂಗ್ಲಿಷ್ ಅಕ್ಷರ ಬರೆದು, ಪಕ್ಕದಲ್ಲಿ ರೋಮನ್ ಅಂಕಿ ಹಾಕುತ್ತಿದ್ದರು. ಗ್ರಾಂಗೆ ‘ಜಿ’ ಎಂಬ ಒಂದೇ ಅಕ್ಷರ. ಅವಸರದ ಕೈಬರಹದಲ್ಲಿ ಗ್ರೇನ್ ಅನ್ನು ಗ್ರಾಂ ಎಂದು ಓದಿದರೆ ಔಷಧಿ ಹದಿನೈದು ಪಟ್ಟು ಹೆಚ್ಚಾಗುತ್ತದೆ. ಕೆಲವು ಔಷಧಿಗಳಲ್ಲಿ ಅಷ್ಟು ಸಾಕು, ರೋಗಿ ಉಳಿಯುವುದಿಲ್ಲ. ಔಷಧಿ ಸುರಕ್ಷತೆಯ ತಜ್ಞರು ಗ್ರೇನ್, ಡ್ರಾಂ ಮುಂತಾದ ಹಳೆಯ ಅಳತೆಗಳನ್ನು ಚೀಟಿಯಲ್ಲಿ ಬರೆಯಲೇಬಾರದು ಎನ್ನುವುದು ಇದಕ್ಕಾಗಿ. ಹೊರದೇಶದಲ್ಲಿರುವ ಮಕ್ಕಳು ಕಳಿಸಿದ ಥೈರಾಯ್ಡ್ ಮಾತ್ರೆಯ ಡಬ್ಬಿಯ ಮೇಲೆ ಇಂದಿಗೂ ಕೆಲವೊಮ್ಮೆ ‘ಗ್ರೇನ್’ ಎಂದಿರುತ್ತದೆ. ಅಂಥದ್ದನ್ನು ನಾವೇ ಲೆಕ್ಕ ಹಾಕಿ ನುಂಗುವುದು ಬೇಡ. ಡಬ್ಬಿಯನ್ನೇ ಡಾಕ್ಟರಿಗೆ ತೋರಿಸಬೇಕು.

ಔಷಧಿಯ 20 ಗ್ರೇನ್‌ಗೆ ‘ಸ್ಕ್ರೂಪಲ್’ ಎಂದು ಹೆಸರಿತ್ತು. ಲ್ಯಾಟಿನ್‌ನಲ್ಲಿ ಅದರ ಅರ್ಥ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸಿಕ್ಕಿದ ಕಲ್ಲಿನಂತೆ ಮನಸ್ಸನ್ನು ಚುಚ್ಚುವ ಅಳುಕಿಗೂ ಇಂಗ್ಲಿಷಿನಲ್ಲಿ ಇದೇ ಪದ.

ಗ್ರೇನೇಜ್‌ನಲ್ಲಿ ಮೊಟ್ಟೆ ಏಕೆ?

ಈಗ ಹುಡುಗನ ಪ್ರಶ್ನೆಗೆ ಬರೋಣ. ಫ್ರೆಂಚ್ ಭಾಷೆಯಲ್ಲಿ ‘ಗ್ರೆನ್’ ಎಂದರೆ ಬೀಜ. ಅದೂ ಲ್ಯಾಟಿನ್ ಗ್ರಾನುಮ್‌ನಿಂದ ಬಂದದ್ದೇ. ಫ್ರಾನ್ಸಿನ ರೇಷ್ಮೆ ಕೃಷಿಕರು ಹುಳದ ಮೊಟ್ಟೆಗಳನ್ನು ‘ಬೀಜ’ ಎಂದೇ ಕರೆಯುತ್ತಿದ್ದರು. ನೋಡಲು ಸಾಸಿವೆಗಿಂತಲೂ ಸಣ್ಣ ಬೀಜದಂತೆಯೇ ಇರುತ್ತವೆ. ಒಂದು ಮೊಟ್ಟೆಯ ತೂಕ ಅರ್ಧ ಮಿಲಿಗ್ರಾಂ ಆಸುಪಾಸು. ಒಂದು ಗ್ರೇನ್ ತೂಕಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಬೇಕು. ಬೀಜ ತಯಾರಿಸುವ ಜಾಗಕ್ಕೆ ‘ಗ್ರೇನೇಜ್’ ಎಂಬ ಹೆಸರು ಬಂತು. ನಾವೂ ‘ಬಿತ್ತನೆ ಗೂಡು’, ‘ಬಿತ್ತನೆ ಮೊಟ್ಟೆ’ ಎನ್ನುತ್ತೇವಲ್ಲ, ಯೋಚನೆ ಒಂದೇ. ಧಾನ್ಯದ ಗೋಡೌನಿಗೂ ಇದಕ್ಕೂ ಸಂಬಂಧವಿಲ್ಲ, ಬೇರು ಮಾತ್ರ ಒಂದು.

ಗ್ರೇನೇಜ್ ಏಕೆ ಮುಖ್ಯ ಎಂಬುದಕ್ಕೂ ಒಂದು ಚರಿತ್ರೆ ಇದೆ. 19ನೇ ಶತಮಾನದ ಮಧ್ಯದಲ್ಲಿ ಫ್ರಾನ್ಸಿನ ರೇಷ್ಮೆಯನ್ನು ಪೆಬ್ರಿನ್ ಎಂಬ ರೋಗ ನೆಲಕಚ್ಚಿಸಿತು. ನಮ್ಮಲ್ಲಿ ಇದಕ್ಕೆ ಗಂಟು ರೋಗ ಎನ್ನುತ್ತಾರೆ. ಹುಳದ ಮೈಮೇಲೆ ಮೆಣಸಿನಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ ಬೀಳುತ್ತದೆ. ಅಲ್ಲಿನ ಪ್ರಾಂತೀಯ ಭಾಷೆಯಲ್ಲಿ ಮೆಣಸಿಗೆ ‘ಪೆಬ್ರೆ’, ಅದರಿಂದ ಪೆಬ್ರಿನ್. 1865ರಲ್ಲಿ ವಿಜ್ಞಾನಿ ಲೂಯಿ ಪಾಶ್ಚರ್ ಈ ಕೆಲಸಕ್ಕೆ ಕೈಹಾಕಿದರು. ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ ಎಂದು ತೋರಿಸಿದರು. ಪ್ರತಿ ಚಿಟ್ಟೆಯನ್ನೂ ಬೇರೆ ಬೇರೆಯಾಗಿ ಮೊಟ್ಟೆ ಇಡಿಸಿ, ಆಮೇಲೆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗಾಣು ಕಂಡರೆ ಆ ಚಿಟ್ಟೆಯ ಮೊಟ್ಟೆಯನ್ನೆಲ್ಲ ಸುಡಬೇಕು. ಇಂದಿನ ‘ರೋಗರಹಿತ ಮೊಟ್ಟೆ’ ಎಂಬ ಪದ್ಧತಿಗೆ ಇದೇ ತಳಹದಿ.

ನಮ್ಮ ರೈತರು ‘ನೂರು ಮೊಟ್ಟೆ ಸಾಕಿದ್ದೇನೆ’ ಎನ್ನುವಾಗ ನೂರು ಬಿಡಿ ಮೊಟ್ಟೆಯಲ್ಲ, ನೂರು ಚಿಟ್ಟೆಗಳು ಇಟ್ಟ ಮೊಟ್ಟೆ ಎಂದರ್ಥ. ಒಂದು ಚಿಟ್ಟೆಗೆ 400ರಿಂದ 500ರಂತೆ, ನೂರಕ್ಕೆ 40 ಸಾವಿರಕ್ಕೂ ಹೆಚ್ಚು ಹುಳ. ಹೊಸಬರು ಈ ಲೆಕ್ಕ ತಿಳಿಯದೆ ಸೊಪ್ಪು, ತಟ್ಟೆ ಸಾಲದೆ ಕಂಗಾಲಾಗುವುದುಂಟು. ಮೊಟ್ಟೆಯಲ್ಲಿ ಕಾಣದ ರೋಗ ಇದ್ದರೆ ಇಡೀ ಬೆಳೆ ಹೋಗುತ್ತದೆ. ರಾಮನಗರಕ್ಕೋ ಧರ್ಮಪುರಿಗೋ ಒಯ್ಯಲು ಗೂಡೇ ಇರುವುದಿಲ್ಲ. ಕೇಂದ್ರ ರೇಷ್ಮೆ ಮಂಡಳಿ ಕಾಯಿದೆಗೆ 2006ರಲ್ಲಿ ತಿದ್ದುಪಡಿಯಾದ ಮೇಲೆ ಮೊಟ್ಟೆ ತಯಾರಿಸುವವರು, ಚಾಕಿ ಹುಳ ಸಾಕಿ ಮಾರುವವರು ನೋಂದಣಿ ಮಾಡಿಸಬೇಕು. ಕೊಳ್ಳುವ ಮುನ್ನ ನೋಂದಣಿ ಇದೆಯೇ ಎಂದು ಕೇಳುವುದು ರೈತನ ಹಕ್ಕು. ಅಂದಹಾಗೆ, ಹಿಪ್ಪುನೇರಳೆ ಮತ್ತು ರೇಷ್ಮೆ ಹುಳುವಿನ ತಳಿಗಳನ್ನು ಕಾಪಿಡುವ ಕೇಂದ್ರ ರೇಷ್ಮೆ ಮಂಡಳಿಯ ಸಂಸ್ಥೆ ಇರುವುದು ನಮ್ಮ ಹೊಸೂರಿನಲ್ಲೇ.

ನೂಲು ಬಿಚ್ಚುವವರು ಹೇಳುವ ‘ಡೀನಿಯರ್’ಗೂ ಈ ಮನೆತನದ ನಂಟಿದೆ. ಹಳೆಯ ಫ್ರೆಂಚ್ ತೂಕದಲ್ಲಿ ಒಂದು ಡೀನಿಯರ್ ಎಂದರೆ 24 ಫ್ರೆಂಚ್ ಗ್ರೇನ್. ಇಂದು 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೀನಿಯರ್.

ಮಾತಿನಲ್ಲಿ ಗ್ರೇನ್

ಇಂಗ್ಲಿಷ್ ಮಾತಿನಲ್ಲಿ ಗ್ರೇನ್ ತೂಕ ಬಿಟ್ಟು ‘ತುಸುವೇ ತುಸು’ ಎಂಬ ಅರ್ಥದಲ್ಲಿ ಬರುತ್ತದೆ. ‘ನಾಟ್ ಎ ಗ್ರೇನ್ ಆಫ್ ಟ್ರುತ್’ ಎಂದರೆ ಎಳ್ಳಷ್ಟೂ ಸತ್ಯವಿಲ್ಲ. ‘ವಿತ್ ಎ ಗ್ರೇನ್ ಆಫ್ ಸಾಲ್ಟ್’ ಎಂದರೆ ಕೇಳಿದ್ದನ್ನು ಪೂರ್ತಿ ನಂಬದೆ, ಅಳೆದು ತೂಗಿ ಒಪ್ಪುವುದು. ಈ ಮಾತಿನ ಬೇರು ರೋಮಿನ ಪ್ಲಿನಿ ಎಂಬ ಲೇಖಕ ಮೊದಲ ಶತಮಾನದಲ್ಲಿ ಬರೆದ ನಿಸರ್ಗ ಚರಿತ್ರೆಯಲ್ಲಿದೆ ಎನ್ನುತ್ತಾರೆ. ಮಿತ್ರಿಡೇಟಿಸ್ ಎಂಬ ರಾಜನ ವಿಷಹಾರಿ ಮದ್ದಿಗೆ ಒಂದು ಹರಳು ಉಪ್ಪು ಸೇರಿಸಬೇಕೆಂದು ಅಲ್ಲಿ ಬರುತ್ತದೆ.

‘ಅಗೇನ್‌ಸ್ಟ್ ದ ಗ್ರೇನ್’ ಎಂಬಲ್ಲಿ ಗ್ರೇನ್ ಎಂದರೆ ಮರದ ಎಳೆ. ಎಳೆಗೆ ಎದುರಾಗಿ ಉಜ್ಜುಗೊರಡು ಎಳೆದರೆ ಹಲಗೆ ಸಿಬರು ಏಳುತ್ತದೆ. ಸ್ವಭಾವಕ್ಕೆ ವಿರುದ್ಧ ಎಂಬುದೇ ಇದರ ಅರ್ಥ. ಕಾಳಿಗೂ ಧಾನ್ಯಕ್ಕೂ ಇಲ್ಲಿ ಕೆಲಸವಿಲ್ಲ.

ನಮ್ಮ ಭಾಷೆಗಳೂ ಬಡವಲ್ಲ. ಕನ್ನಡದಲ್ಲಿ ಎಳ್ಳಷ್ಟು, ಸಾಸಿವೆಯಷ್ಟು, ರವಷ್ಟು, ಕೂದಲೆಳೆಯಷ್ಟು. ತೆಲುಗಿನಲ್ಲಿ ರವ್ವಂತ, ಇಸುಮಂತ. ಇಸುಮು ಎಂದರೆ ಮರಳು, ಆದ್ದರಿಂದ ಇಸುಮಂತ ಎಂದರೆ ಮರಳಿನ ಕಣದಷ್ಟು. ತಮಿಳಿನಲ್ಲಿ ಎಳ್ಳಳವು. ಎರಡು ಬೆರಳಲ್ಲಿ ಹಿಡಿದಷ್ಟಕ್ಕೆ ಕನ್ನಡದವರು ಚಿಟಿಕೆ ಎಂದರೆ ತೆಲುಗರು ಚಿಟಿಕೆಡು, ತಮಿಳರು ಚಿಟ್ಟಿಗೈ. ಹದಿನಾರನೇ ಒಂದು ಪಾಲಿಗೆ ವೀಸ ಎಂಬುದು ಮೂರೂ ಭಾಷೆಗೆ ಸಾಮಾನ್ಯ. ಒಂದೇ ಸಂತೆಯಲ್ಲಿ ಅಳೆದು ಕೊಂಡವರ ಮಾತು ಹೀಗೆ ಒಂದಾಗುವುದು ಸಹಜ.

ನೆನಪಿಡಲು

ಒಂದು ಗ್ರೇನ್ = ಸುಮಾರು 65 ಮಿಲಿಗ್ರಾಂ.
ಒಂದು ಗುಲಗಂಜಿ = ಎರಡು ಗ್ರೇನ್‌ಗೆ ತುಸು ಕಡಿಮೆ.
ಒಂದು ತೊಲ = 180 ಗ್ರೇನ್ = 11.66 ಗ್ರಾಂ.
ಒಂದು ಟ್ರಾಯ್ ಔನ್ಸ್ = 480 ಗ್ರೇನ್ = 31.1 ಗ್ರಾಂ.
ಮುತ್ತಿನ ಗ್ರೇನ್ = 50 ಮಿಲಿಗ್ರಾಂ.
ಬೋರ್‌ವೆಲ್ ನೀರಿನ ಗಡಸುತನದ ಯಂತ್ರಗಳಲ್ಲಿ ಅಮೆರಿಕದ ಒಂದು ಗ್ಯಾಲನ್‌ಗೆ ಒಂದು ಗ್ರೇನ್ = ಲೀಟರಿಗೆ 17.1 ಮಿಲಿಗ್ರಾಂ.

ಮೊಮ್ಮಗನಿಗೆ ಉತ್ತರ ಸಿಕ್ಕಿತು. ತಾತನಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: ‘‘ಹೆಸರು ಎಲ್ಲಿಂದಾದರೂ ಬರಲಿ ಸಾರ್, ಮೊಟ್ಟೆ ಒಳ್ಳೇದು ಕೊಡ್ತಾರಾ?’’ ಪದದ ಅರ್ಥ ತಿಳಿದವರೂ ಕೊನೆಗೆ ಕೇಳಬೇಕಾದ ಪ್ರಶ್ನೆ ಅದೇ.